ಬೆಳಕುಕೆರೆ ತುಂಬುವ ಮುನ್ನ

ಹೊಸದಂಡೆ,
ಭೀಮೆ ದಾರಿ ಬದಲಿಸಿದ ನೂರಾ ಹದಿನಾರನೆಯ ವರ್ಷ,
ಭಾದ್ರಪದದ ಮೂವತ್ತಾರನೆಯ ಹಗಲು

ನಮಗಿಂತ ಮೊದಲು ಈ ನೆಲದಲ್ಲಿ ಬದುಕಿದವರೇ,

ಮೇಲಿನ ತಾರೀಖು ನಿಮಗೆ ಕೈತಪ್ಪಿನಂತೆ ಕಾಣಬಹುದು. ಒಂದು ತಿಂಗಳಿಗೆ ಮೂವತ್ತಾರು ಹಗಲು ಎಲ್ಲಿಂದ ಬಂದವು ಎಂದು ನೀವು ಕೇಳಿದರೆ ತಪ್ಪಿಲ್ಲ. ಬಿಸಿಲು ಏರುತ್ತ ಹೋದಂತೆ ನಮ್ಮ ಹಿರಿಯರು ವರ್ಷವನ್ನು ಹತ್ತೇ ತಿಂಗಳಿಗೆ ಇಳಿಸಿಕೊಂಡರು. ಹೊರಗೆ ಕಾಲಿಡಲಾಗದ ಹೊತ್ತನ್ನೆಲ್ಲ ಕೂಡಿಸಿ ಒಂದೇ ತಿಂಗಳು ಮಾಡಿ ಅದಕ್ಕೆ ಉರಿಗಾಲ ಎಂದು ಹೆಸರಿಟ್ಟರು. ಉಳಿದ ತಿಂಗಳುಗಳು ಉದ್ದವಾದವು. ಮಾತೂ ಹಾಗೆಯೇ ಅಷ್ಟಿಷ್ಟು ಬದಲಾಗಿದೆ. ನಿಮಗೆ ಪರಿಚಯವಿಲ್ಲದ ಪದ ಬಂದರೆ ಮನ್ನಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತ ಹೋಗುತ್ತೇನೆ. ಈ ಕಾಗದ ನಿಮ್ಮ ಕೈ ಸೇರುವ ದಾರಿ ಯಾವುದೆಂದು ನನಗೆ ಗೊತ್ತಿಲ್ಲ. ಆದರೂ ಬರೆಯಬೇಕೆನಿಸಿತು. ಈಗ ಹೇಳಲಿರುವ ಕೆಲಸವನ್ನು ಮೊದಲು ಶುರುಮಾಡಿದವರು ನೀವೇ ಎಂದು ನಮಗೆ ಕಲಿಸಿದ್ದಾರೆ.

ನನ್ನ ಹೆಸರು ನೀಲಗಂಗಾ. ಹೊಸದಂಡೆಯ ಮದ್ದುಮನೆಯಲ್ಲಿ ಔಷಧ ಹಂಚುವುದು ನನ್ನ ಕೆಲಸ. ಹಳೆಯ ದಂಡೆಯ ಊರುಗಳು ನೀರು ಪಾಲಾದ ಮೇಲೆ ಎತ್ತರಕ್ಕೆ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ನಾವು. ನಸುಕಿನಲ್ಲಿ ಹೊಲಕ್ಕೆ ಹೋಗಿ ಬಿಸಿಲೇರುವ ಮೊದಲೇ ಮರಳುತ್ತೇವೆ. ಮಧ್ಯಾಹ್ನ ನೆಲಮನೆಗಳಲ್ಲಿ, ಅಂದರೆ ಮನೆಯ ಕೆಳಗೆ ಕೊರೆದ ಕೋಣೆಗಳಲ್ಲಿ ಕಳೆಯುತ್ತೇವೆ. ವಿದ್ಯುತ್ತನ್ನು ನಾವು ಬೆಳಕು ಎನ್ನುತ್ತೇವೆ, ಏಕೆಂದರೆ ಅದೆಲ್ಲವೂ ಸೂರ್ಯನಿಂದಲೇ ಬರುವುದು. ನದಿಯಾಚೆ ಹಿಂದೆ ಹಾಸುಗಲ್ಲು ತೆಗೆದ ಒಂದು ಗಣಿಯಿದೆ. ಅದರ ಬಯಲಿನ ತುಂಬ ಬಿಸಿಲುಗನ್ನಡಿಗಳನ್ನು ಹಾಸಿದ್ದೇವೆ. ಅವು ಹಿಡಿದ ಬೆಳಕು ಗಣಿಯೊಳಗಿನ ದೊಡ್ಡ ಶೇಖರಣೆಯಲ್ಲಿ ತುಂಬುತ್ತದೆ. ಅದಕ್ಕೆ ಬೆಳಕುಕೆರೆ ಎಂದು ಹೆಸರು. ಅಲ್ಲಿಂದ ನದಿಯ ಮೇಲೆ ಹಾದುಬರುವ ಒಂದೇ ಒಂದು ದಪ್ಪ ತಂತಿ ಊರಿಗೆ ಬೆಳಕು ತರುತ್ತದೆ. ಅಗಸಿಯ, ಅಂದರೆ ಊರಬಾಗಿಲಿನ, ಪಕ್ಕ ಕೆರೆಗಂಬವಿದೆ. ಅದರಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತು ದೀಪಗಳು. ಕೆರೆ ಎಷ್ಟು ತುಂಬಿದೆಯೋ ಅಷ್ಟು ದೀಪ ಹೊತ್ತುತ್ತವೆ. ನಮ್ಮ ಮಕ್ಕಳು ಮಾತು ಕಲಿಯುವ ಮೊದಲು ಗುಂಡಿ ಒತ್ತಿ ದೀಪ ಆರಿಸುವುದನ್ನು ಕಲಿಯುತ್ತಾರೆ. ಖಾಲಿ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಆ ಮನೆಯವರು ನಾಲ್ಕು ದಿನ ತಲೆ ಎತ್ತಿ ನಡೆಯುವುದಿಲ್ಲ. ಅಂಥ ಊರು ನಮ್ಮದು.

ನೀವು ಡೇಟಾಬೇಸ್ ಎನ್ನುತ್ತಿದ್ದುದನ್ನು ನಾವು ನೆನಪುಮನೆ ಎನ್ನುತ್ತೇವೆ. ಬ್ಯಾಕಪ್ ನಮ್ಮ ಮಾತಿನಲ್ಲಿ ಮರುಪ್ರತಿ. ನಮ್ಮ ನೆನಪುಮನೆಯಲ್ಲಿ ಇರುವುದು ಮುಖ್ಯವಾಗಿ ಒಂದೇ ಸಂಗತಿ: ಊರಿನ ಒಬ್ಬೊಬ್ಬರ ಮೈಗೂ ಹೊಂದುವ ಮದ್ದಿನ ಬೆರಕೆ. ನಿಮ್ಮ ಕಾಲದಂತೆ ಒಂದೇ ಗುಳಿಗೆಯನ್ನು ಸಾವಿರ ಜನಕ್ಕೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹತ್ತಾರು ಪುಡಿಗಳನ್ನು ಚಿಟಿಕೆಗಿಂತ ಕಡಿಮೆ ಪ್ರಮಾಣದಲ್ಲಿ ಕೂಡಿಸಿ, ನೀರಿನಲ್ಲಿ ಕರಗಿಸಿ, ಮದ್ದುಗೂಡು ಎಂಬ ಯಂತ್ರ ಒಬ್ಬೊಬ್ಬರಿಗೂ ಬೇರೆ ಶೀಸೆ ತುಂಬಿಕೊಡುತ್ತದೆ. ಒಂದು ಸರದಿಗೆ ಕೊಟ್ಟ ಮದ್ದು ಮುಗಿದ ಮೇಲೆ ಊರಿನವರೆಲ್ಲ ಮತ್ತೆ ಒಟ್ಟಿಗೆ ಬರುತ್ತಾರೆ. ಬೆರಕೆಯನ್ನು ಶೀಸೆಯ ಮೇಲೆ ಬರೆಯುವ ಯೋಚನೆ ಯಾರಿಗೂ ಬಂದಿರಲಿಲ್ಲ, ನೆನಪುಮನೆ ಇದ್ದೇ ಇತ್ತಲ್ಲ. ಅದರ ಮರುಪ್ರತಿಗಳು ಗಣಿಯೊಳಗೆ ಬೆಳಕುಕೆರೆಯ ಪಕ್ಕದ ಕೋಣೆಯಲ್ಲಿ ಮೂರು ಹಲಗೆಗಳ ಮೇಲೆ, ಅಂದರೆ ಕೈಯಲ್ಲಿ ಹೊರಬಹುದಾದ ನೆನಪಿನ ತಟ್ಟೆಗಳ ಮೇಲೆ, ಇರುತ್ತವೆ. ಹೊಸ ಪ್ರತಿ ತೆಗೆಯುವಾಗ ಮೂರರಲ್ಲಿ ಹಳೆಯದನ್ನು ಮೊದಲು ಅಳಿಸಿ, ಅದರ ಮೇಲೆಯೇ ಬರೆಯಲಾಗುತ್ತದೆ. ಊರು ಮುಳುಗಿದರೂ ನೆನಪು ಉಳಿಯಲಿ ಎಂದು ಅದನ್ನು ನದಿಯಾಚೆ ಇಟ್ಟದ್ದು. ಊರಿನಲ್ಲಿ ಕೂತು ಯಾರೂ ಅದನ್ನು ಕೆಡಿಸಬಾರದೆಂದು ಇಲ್ಲಿಂದ ತೆರೆದು ಓದುವ, ನಿಲ್ಲಿಸುವ ಏರ್ಪಾಡನ್ನೂ ಬೇಕೆಂದೇ ಮಾಡಿರಲಿಲ್ಲ; ಮುಗಿದ ಪ್ರತಿಗಳ ಎಣಿಕೆ ಮಾತ್ರ ಇಲ್ಲಿ ಕಾಣುತ್ತಿತ್ತು. ಎರಡೂ ಒಳ್ಳೆಯ ಯೋಚನೆಗಳೇ.

ಈಗ ನಡೆದದ್ದನ್ನು ಹೇಳುತ್ತೇನೆ. ಆಷಾಢದ ಒಂದು ಗುರುವಾರ, ಮದ್ದು ಹಂಚುವ ದಿನ. ಹಿಂದಿನ ವಾರದ ಮಂಗಳವಾರ ನೆನಪುಮನೆಗೆ ಸಿಡಿಲು ಬಡಿದು, ರಿಪೇರಿ ಆಗಿ, ಎಲ್ಲ ಸರಿಹೋಯಿತು ಎಂದುಕೊಂಡಿದ್ದೆವು. ಸಿಡಿಲಿನ ನಂತರ ಮದ್ದು ಹಂಚುತ್ತಿದ್ದುದು ಅದೇ ಮೊದಲು. ಸಾಲಿನಲ್ಲಿ ಮುಂದೆ ನಿಂತವಳು ಮಹಾನಂದಾ, ನೇಯ್ಗೆಮನೆಯಲ್ಲಿ ಕೆಲಸ ಮಾಡುವ ಹೆಂಗಸು, ಸಕ್ಕರೆ ಕಾಯಿಲೆಯವಳು. ಶೀಸೆ ತೆಗೆದುಕೊಂಡು ಅಲ್ಲೇ ಒಂದು ಗುಟುಕು ಕುಡಿದಳು.

“ಈ ಸಲ ಯಾಕೋ ಕಹಿ ಅದ, ನೀಲಾ,” ಎಂದಳು.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮೊಣಕಾಲು ಮಡಿಸಿ ಕೂತಳು. ಕೂತವಳು ಗೋಡೆಗೆ ಒರಗಿದಳು. ನಾನು ಓಡಿಹೋಗಿ ಹಿಡಿದಾಗ ತುಟಿ ನೀಲಿಗಟ್ಟುತ್ತಿತ್ತು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಅವಳಿಗೆ ಹೋಗಿದ್ದುದು ಹೃದಯದ ಬಡಿತ ತಗ್ಗಿಸುವ, ಬೇರೆ ಯಾರದೋ ಮದ್ದು. ಹೃದಯ ಎಬ್ಬಿಸುವ ಸೂಜಿಮದ್ದು ಕೊಟ್ಟು, ಕಾಲು ಎತ್ತರಿಸಿ ಮಲಗಿಸಿ, ಮದ್ದುಗೂಡನ್ನು ನಿಲ್ಲಿಸಿದೆ. ಸಾಲಿನಲ್ಲಿದ್ದವರಿಗೆ ಮದ್ದು ಇಂದು ಇಲ್ಲ ಎಂದೆ. ಯಾರೂ ಜಗಳಾಡಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಎಲ್ಲರ ಮನೆಯ ಶೀಸೆಯೂ ಬರಿದಾಗಿತ್ತು.

ನೆನಪುಮನೆ ನೋಡಿಕೊಳ್ಳುವ ಮಶಾಕ್ ಅಲಿಯನ್ನು ಕರೆಸಿದೆ. ನನಗಿಂತ ಚಿಕ್ಕವನು, ಮಾತು ಕಡಿಮೆ. ಕೂತು ನೋಡಿದ. ಒಂದು ಹೆಸರು ತೆಗೆದ, ಇನ್ನೊಂದು ತೆಗೆದ, ಮತ್ತೊಂದು ತೆಗೆದ.

“ಅಕ್ಕ, ಒಬ್ಬರದೂ ಸರಿ ಇಲ್ಲ. ಹೆಸರು ಅವೇ ಅವ, ಮದ್ದೆಲ್ಲ ಕಲಸಿ ಹೋಗ್ಯಾವ. ಒಂದು ಲೆಕ್ಕದಾಗ ಜಾರಿದ್ರ ಹಿಂದಕ್ಕ ತರಬಹುದಿತ್ತು. ಇದು ಹಂಗಿಲ್ಲ. ಸಿಡಿಲು ಬಡಿದಾಗಿಂದ ಹಿಂಗೇ ಅದ.”

“ಮರುಪ್ರತಿ ಇಲ್ಲೇನು?”

“ಮೂರು ಅವ. ಆದ್ರ ಸಿಡಿಲಿನ ಮ್ಯಾಲ ಎರಡು ಸಲ ಪ್ರತಿ ಆಗ್ಯಾದ. ಆ ಎರಡರಾಗೂ ಇದೇ ಕಲಸು. ಮೂರನೇದೊಂದೇ ಶುದ್ಧ ಉಳದದ.”

“ಮುಂದಿನ ಪ್ರತಿ ಯಾವಾಗ?”

“ಸೋಮವಾರ,” ಎಂದು ಗೋಡೆ ತೋರಿಸಿದ. ಅವನ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: ಮರುಪ್ರತಿ, ಪ್ರತಿ ಸೋಮವಾರ. ಆವತ್ತು ಗುರುವಾರ. ನನಗೆ ಉಸಿರು ಬಂತು. ನದಿಗೆ ಬಂದಿದ್ದ ನೆರೆ ಇಳಿದ ಮೇಲೆ ನಿಧಾನವಾಗಿ ನದಿ ದಾಟಿ ಆ ಹಲಗೆ ತಂದರಾಯಿತು ಎಂದುಕೊಂಡೆ. ಮಶಾಕ್ ಮಾತ್ರ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

“ಅಕ್ಕ, ಸಿಡಿಲು ಬಡಿದದ್ದು ಹ್ವಾದ ವಾರದ ಮಂಗಳವಾರ. ನಡುವ ಸೋಮವಾರ ಬಂದದ್ದು ಒಂದೇ. ಎರಡು ಪ್ರತಿ ಹ್ಯಾಂಗ ಆದ್ವು?”

ಪ್ರತಿ ತೆಗೆಯುವ ಯಂತ್ರ ಯಾವ ಹೊತ್ತಿಗೆ ಎದ್ದು ತನ್ನ ಕೆಲಸ ಮಾಡುತ್ತದೆಂಬುದು ಇಡೀ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಈ ಕ್ಷಣವೇ ಅದು ಎದ್ದಿದ್ದರೂ ನಮಗೆ ತಿಳಿಯುತ್ತಿರಲಿಲ್ಲ.

ಮಶಾಕನಿಗೆ ಮೊದಲು ಆ ಕುರ್ಚಿಯಲ್ಲಿ ಅವನ ಗುರು ಕೂರುತ್ತಿದ್ದ. ಹಿಂದಿನ ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡ. ಅವನಿಗಿಂತ ಮೊದಲು ಇದ್ದವಳು ಕಾಶಿಬಾಯಿ, ಈಗ ವಿಜಯಪುರದ ಕಡೆಯ ಒಂದು ಊರಲ್ಲಿ ಅಲ್ಲಿನ ನೆನಪುಮನೆ ಕಟ್ಟುತ್ತಿದ್ದಾಳೆ. ದನಿತಂತಿಯಲ್ಲಿ, ಅಂದರೆ ನಿಮ್ಮ ಫೋನಿನಂಥದ್ದರಲ್ಲಿ, ಅವಳನ್ನು ಹಿಡಿದೆವು.

“ಯಾರು, ಮಶಾಕಾ? ಕೆಲಸದಾಗ ಇದ್ದೀನೋ ಯಪ್ಪಾ, ಜಲ್ದಿ ಹೇಳು.”

“ಕಾಶಕ್ಕ, ಮರುಪ್ರತಿ ಯಾವಾಗ ಆಗ್ತದ?”

“ಗ್ವಾಡಿ ಮ್ಯಾಲ ಬರದದಲ್ಲ.”

“ಸೋಮವಾರ ಆಗಿಲ್ಲಕ್ಕ.”

ಆ ಕಡೆ ಏನನ್ನೋ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವಳ ದನಿಯೇ ಬೇರೆಯಾಗಿತ್ತು.

“ಅಯ್ಯ, ಅದು ಹಳೇ ಮಾತು. ಒಂದು ಸೋಮವಾರ ಮೋಡ ಕವಿದು, ಬೆಳಕು ಸಾಲದೆ, ಪ್ರತಿ ಅರ್ಧಕ್ಕ ನಿಂತು ಹಲಗೆ ಕೆಟ್ಟಿತ್ತು. ಆಮ್ಯಾಗ ನಾನೇ ಬದಲಿ ಮಾಡೀನಿ. ವಾರ ಇಲ್ಲ, ತಾಸು ಇಲ್ಲ. ಕೆರೆ ಪೂರಾ ತುಂಬಿತಂದ್ರ ತಾನೇ ಶುರು ಆಗ್ತದ. ನಿಮ್ಮ ಗುರುಗ ಹೇಳಿ ಬಂದಿದ್ದೆ. ಅವ ನಿನಗ ಹೇಳಿಲ್ಲೇನು?”

“ಅವರು ಹೋಗಿಬಿಟ್ರಕ್ಕ. ನಿಲ್ಲಸೂದು ಹ್ಯಾಂಗ?”

“ಅಲ್ಲಿ ಕೂತು ನಿಲ್ಲಸಲಾಕ ಬರಲ್ಲ. ಗಣಿಗಿ ಹೋಗಿ ಹಲಗೆ ಕೈಲೆ ಎಳೀಬೇಕು. ಕೇಳು, ತಂತಿ ಮಾತ್ರ ಕಡೀಬ್ಯಾಡ್ರಿ. ಊರು ಬೆಳಕು ಎಳಿಯೂದು ನಿಂತ್ರ ಕೆರೆ ಇನ್ನೂ ಜಲ್ದಿ ತುಂಬತದ. ತುಂಬಿದ ಕೂಡಲೇ ಮೊದಲು ಹಳೇದು ಅಳಸತದ. ಬರಿಯೂದು ಆಮ್ಯಾಗ.”

ಹೊರಗೆ ಬಂದು ಕೆರೆಗಂಬ ನೋಡಿದೆವು. ಏಳು ದೀಪ ಹೊತ್ತಿದ್ದವು. ಬೆಳಗಿನ ಹೊತ್ತು ಇನ್ನೂ ಅರ್ಧ ಕಳೆದಿರಲಿಲ್ಲ. ಆಕಾಶದಲ್ಲಿ ಮೋಡದ ಎಳೆಯೂ ಇರಲಿಲ್ಲ. ಮೇಲಿನ ಸೀಮೆಯ ಅಣೆಕಟ್ಟುಗಳು ನೀರು ಬಿಟ್ಟಿದ್ದರಿಂದ ಭೀಮೆ ಮಾತ್ರ ದಡ ಮುಟ್ಟಿ ಕೆಂಪಗೆ ಹರಿಯುತ್ತಿದ್ದಳು. ಕೆರೆ ತುಂಬಲಿ ಎಂದು ಹಾರೈಸಿಯೇ ಬೆಳೆದ ನನಗೆ, ಅದು ತುಂಬದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು.

ಆ ನೆರೆಯಲ್ಲಿ ಹರಿಗೋಲು ಹಾಕಬಲ್ಲವನು ಒಬ್ಬನೇ, ನನ್ನ ತಮ್ಮ ಸಿದ್ರಾಮ. ಅವನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮದ್ದು ತಪ್ಪಿದರೆ ಯಾವ ಹೊತ್ತಿನಲ್ಲಾದರೂ ಬರಬಹುದು. ಅವನ ಶೀಸೆ ಹಿಂದಿನ ಬೆಳಿಗ್ಗೆಯೇ ಮುಗಿದಿತ್ತು. ಅವನೂ ಆವತ್ತು ಸಾಲಿನಲ್ಲಿ ನಿಂತಿದ್ದ. ನಾನು ಬಾಯಿ ಬಿಡುವ ಮೊದಲೇ ಅವನು ಹುಟ್ಟು ಹೆಗಲಿಗೆ ಹಾಕಿದ್ದ.

“ನೀ ಮದ್ದು ತಗೊಂಡಿಲ್ಲ, ಸಿದ್ದು,” ಎಂದೆ.

“ಇವತ್ತು ಯಾರು ತಗೊಂಡಾರಕ್ಕ? ಮತ್ತ್ಯಾರು ಹೋಗ್ತಾರ, ನೀನೇ ಹೇಳು.”

ನನ್ನ ಹತ್ತಿರ ಹೇಳಲು ಬೇರೆ ಹೆಸರಿರಲಿಲ್ಲ. ಹಲಗೆ ಎಳೆಯಲು ಜೊತೆಗೆ ಹೊರಟ ಮಶಾಕನನ್ನು ಪಕ್ಕಕ್ಕೆ ಕರೆದು, ಸಿದ್ದೂಗೆ ಮೂರ್ಛೆ ಬಂದರೆ ಮಗ್ಗುಲಾಗಿ ಮಲಗಿಸು, ಬಾಯಿಗೆ ಏನೂ ತುರುಕಬೇಡ, ಉಸಿರು ತಿಳಿಯಾಗುವ ತನಕ ಬಿಟ್ಟು ಹೋಗಬೇಡ ಎಂದು ಹೇಳಿದೆ. ಹೇಳುವಾಗಲೇ ನನಗೆ ಗೊತ್ತಿತ್ತು, ನಾನು ಒಂದೇ ಬಾಯಿಯಲ್ಲಿ ಓಡು ಎಂದೂ ನಿಲ್ಲು ಎಂದೂ ಹೇಳುತ್ತಿದ್ದೇನೆಂದು. ಅವನು ತಲೆಯಾಡಿಸಿ ಹೋದ. ಹರಿಗೋಲು ನೀರಿಗಿಳಿದು, ಗಿರಗಿರ ತಿರುಗಿ, ಕೆಳಕ್ಕೆ ಸೆಳೆದುಕೊಂಡು ಹೋಗುವುದನ್ನು ನೋಡಲು ನನಗೆ ಪುರಸೊತ್ತಿರಲಿಲ್ಲ.

ನನ್ನ ಪಾಲಿಗೆ ಉಳಿದ ಕೆಲಸ ಕೆರೆ ತುಂಬದಂತೆ ನೋಡಿಕೊಳ್ಳುವುದು. ಅದಕ್ಕಿದ್ದ ದಾರಿ ಒಂದೇ. ಬರುವುದಕ್ಕಿಂತ ಹೆಚ್ಚು ಬೆಳಕನ್ನು ಊರು ಖರ್ಚು ಮಾಡಬೇಕು. ಸಾರುವ ಮೈಕಿನ ಮುಂದೆ ನಿಂತೆ.

“ಊರಿನವರೆಲ್ಲ ಕೇಳ್ರಿ. ನಾ ನೀಲಗಂಗಾ, ಮದ್ದುಮನ್ಯಾಗಿಂದ. ಮನ್ಯಾಗ ಏನೇನದನೋ ಎಲ್ಲಾ ಹಚ್ರಿ. ದೀಪ, ಫ್ಯಾನ್, ಒಲಿ, ಪಂಪು, ಯಾವದನ್ನೂ ಬಿಡಬ್ಯಾಡ್ರಿ. ನಾ ಹೇಳೂತನಕ ಒಂದೂ ಆರಸಬ್ಯಾಡ್ರಿ.”

ಮೊದಲು ಯಾರ ಮನೆಯ ದೀಪವೂ ಹೊತ್ತಲಿಲ್ಲ. ಹಗಲುಬೆಳಕಿನಲ್ಲಿ ದೀಪ ಹಚ್ಚಿ ಎಂದರೆ ನಮ್ಮಲ್ಲಿ ಬೈಗುಳದಂತೆ ಕೇಳುತ್ತದೆ. ಆಮೇಲೆ ಜನ ಓಡಿ ಬಂದರು. ಎಲ್ಲರಿಗಿಂತ ಮುಂದೆ ಬಂದವನು ಗಿರಣಿ ಅಂಬಾರಾಯ ಕಾಕಾ. ಊರಿನಲ್ಲಿ ಬೆಳಕನ್ನು ಅತಿ ಹೆಚ್ಚು ನುಂಗುವುದು ಅವನ ಮೂರು ಗಿರಣಿಗಳೇ. ವಾರಕ್ಕೊಮ್ಮೆ ಮಾತ್ರ ಓಡಿಸಲು ಅಪ್ಪಣೆ, ಅದನ್ನು ಒಂದು ದಿನವೂ ಮೀರಿದವನಲ್ಲ.

“ಏನವ್ವಾ, ತಲಿ ನೆಟ್ಟಗದೇನು? ಜ್ವಾಳ ಹಾಕದ ಖಾಲಿ ಗಿರಣಿ ಓಡಿಸಿದ್ರ ಕಲ್ಲು ಕಲ್ಲನ್ನ ತಿಂತದ, ಗೊತ್ತದೇನು?”

“ಗೊತ್ತದ ಕಾಕಾ. ಆದ್ರೂ ಓಡಸ್ರಿ.”

“ಯಾಕ, ಅದನ್ನ ಹೇಳು.”

ಹೇಳಿದೆ. ನಮ್ಮೆಲ್ಲರ ಮದ್ದಿನ ನೆನಪು ನದಿಯಾಚೆ ಒಂದೇ ಹಲಗೆಯ ಮೇಲಿದೆ, ಆ ಕಂಬದ ಹತ್ತನೆಯ ದೀಪ ಹೊತ್ತಿದರೆ ಅದು ಅಳಿಸಿಹೋಗುತ್ತದೆ, ಅಷ್ಟರೊಳಗೆ ಸಿದ್ರಾಮ, ಮಶಾಕ್ ಅಲ್ಲಿ ಮುಟ್ಟಬೇಕು ಎಂದೆ. ಅವನು ಕಂಬ ನೋಡಿದ. ಎಂಟನೆಯದು ಆಗಲೇ ಮಿನುಗುತ್ತಿತ್ತು.

“ಮೊದಲೇ ಹೇಳಬಾರದೇನು!” ಎಂದು ತಿರುಗಿ ಓಡಿದ. ಹೃದಯದ ರೋಗಿ, ಓಡಬಾರದು. ಕೂಗಿ ಹೇಳಿದರೆ ಕೇಳಿಸಿಕೊಳ್ಳಲಿಲ್ಲ.

ಮೂರೂ ಗಿರಣಿ ಒಟ್ಟಿಗೆ ಶುರುವಾದಾಗ ಬಂದ ಸದ್ದನ್ನು ಊರು ಹಿಂದೆ ಕೇಳಿರಲಿಲ್ಲ. ಖಾಲಿ ಕಲ್ಲು ಕಲ್ಲನ್ನು ತೇಯುವ ಕರ್ಕಶ ಸದ್ದು ಹಲ್ಲಿನ ಬುಡಕ್ಕೆ ತಾಗುತ್ತಿತ್ತು. ಹಿಂದೆಯೇ ಓಣಿ ಓಣಿಯಲ್ಲಿ ಫ್ಯಾನು ತಿರುಗಿದವು. ಸುಡುವ ಬಿಸಿಲಿನಲ್ಲಿ ದೀಪ ಹೊತ್ತಿದವು. ಊರೊಲೆಗಳ ಮೇಲೆ, ಅಂದರೆ ಓಣಿಯವರೆಲ್ಲ ಸೇರಿ ಅಡುಗೆ ಮಾಡುವ ಒಲೆಗಳ ಮೇಲೆ, ಹೆಂಗಸರು ಹಂಡೆಗಟ್ಟಲೆ ನೀರು ಕುದಿಸಿ ಚೆಲ್ಲಿ ಮತ್ತೆ ತುಂಬಿದರು. ನದಿಯ ನೀರನ್ನು ಪಂಪಿನಿಂದ ಮೇಲೆತ್ತಿ ಮತ್ತೆ ನದಿಗೇ ಬಿಟ್ಟರು. ಕೆಲವರು ಅಳುತ್ತ ಮಾಡಿದರು. ಹುಟ್ಟಿದಾಗಿನಿಂದ ಬೇಡವೆಂದು ಕಲಿತದ್ದನ್ನು ಒಂದೇ ಮಾತಿಗೆ ಕೈ ಹೇಗೆ ಬಿಟ್ಟೀತು? ಎಂಟನೆಯ ದೀಪ ಆರಿತು. ಯಾರೋ ಕೇಕೆ ಹಾಕಿದರು. ನಾನು ಮಹಾನಂದಾಳ ನಾಡಿ ನೋಡಿಬಂದೆ. ನಿಧಾನವಾಗಿ, ಆದರೆ ಬಿಡದೆ ಬಡಿಯುತ್ತಿತ್ತು.

ಬಿಸಿಲು ನೆತ್ತಿಗೆ ಬಂತು. ಆಗಲೇ ಸುಟ್ಟ ವಾಸನೆ ಬಂದದ್ದು. ನದಿಯಾಚೆಯಿಂದ ಬರುವ ತಂತಿ ಅಗಸಿಯ ಹತ್ತಿರ ಇಳಿಯುವಲ್ಲಿ ಅದರ ಹೊದಿಕೆ ಕರಗಿ ಹನಿಯುತ್ತಿತ್ತು. ಅಷ್ಟು ಬೆಳಕನ್ನು ಆ ತಂತಿ ಎಂದೂ ಹೊತ್ತಿರಲಿಲ್ಲ. ಅದು ಕಡಿದರೆ ಊರು ಎಳೆಯುವುದು ಪೂರ್ತಿ ನಿಲ್ಲುತ್ತದೆ. ಅರ್ಧ ಆರಿಸಿರಿ ಎಂದು ಮೈಕಿನಲ್ಲಿ ಕೂಗಿದೆ. ಎರಡು ಗಿರಣಿ ನಿಂತವು, ಒಂದನ್ನು ಅಂಬಾರಾಯ ಕಾಕಾ ನಿಲ್ಲಿಸಲು ಒಪ್ಪಲಿಲ್ಲ. ಹೊಗೆ ಕಡಿಮೆಯಾಯಿತು. ಎಂಟನೆಯ ದೀಪ ಮತ್ತೆ ಹೊತ್ತಿತು. ನೋಡನೋಡುತ್ತಿದ್ದಂತೆ ಒಂಬತ್ತನೆಯದು.

ಆಚೆಯಿಂದ ಸುದ್ದಿಯಿಲ್ಲ. ಗಣಿಯ ಕೋಣೆಯಲ್ಲಿ ದನಿತಂತಿಯಿದೆ, ಮುಟ್ಟಿದ್ದರೆ ಮಶಾಕ್ ಕರೆಯುತ್ತಿದ್ದ. ಇಷ್ಟು ಹೊತ್ತಿಗೆ ಮುಟ್ಟಬೇಕಿತ್ತು. ಹರಿಗೋಲು ಮಗುಚಿತೇ, ಸಿದ್ದೂಗೆ ನಡುನೀರಿನಲ್ಲೇ ಬಂತೇ ಎಂದು ಮನಸ್ಸು ಏನೇನೋ ತೋರಿಸುತ್ತಿತ್ತು. ಮದ್ದುಮನೆಯ ಅಂಗಳದಲ್ಲಿ ಊರೆಲ್ಲ ನಿಂತು ಒಂದು ಕಂಬ ನೋಡುತ್ತಿತ್ತು. ಹತ್ತನೆಯ ದೀಪ ಒಂದು ಸಲ ಮಿಣುಕಿ ಆರಿತು. ಅಂಬಾರಾಯ ಕಾಕಾ ಗಿರಣಿಯಿಂದ ಹಿಟ್ಟುಗಲ್ಲಿನ ಧೂಳು ಮೆತ್ತಿಕೊಂಡು ಬಂದು ನನ್ನ ಪಕ್ಕ ನಿಂತ.

“ಹ್ಯಾಂಗೂ ತುಂಬತದ, ತಂಗಿ. ಸುಮ್ಮ ನಿಂತು ನೋಡೂದೋ, ತಂತಿ ಇರೂತನಕ ಎಳಿಯೂದೋ?”

“ಎಳೀರಿ ಕಾಕಾ. ಎಲ್ಲಾ ಹಚ್ರಿ.”

ಮತ್ತೆ ಎಲ್ಲ ಹೊತ್ತಿತು, ಮೂರೂ ಗಿರಣಿ ಅರಚಿದವು. ತಂತಿ ಮೊದಲು ಹೊಗೆಯಾಡಿ, ಆಮೇಲೆ ಕೆಂಪಗಾಯಿತು. ಜನರನ್ನು ಅಗಸಿಯಿಂದ ದೂರ ತಳ್ಳಿದೆವು. ಹತ್ತನೆಯ ದೀಪ ಮಿಣುಕುತ್ತಿತ್ತು, ಆರುತ್ತಿತ್ತು, ಮಿಣುಕುತ್ತಿತ್ತು. ಎಷ್ಟು ಹೊತ್ತು ಹಾಗೆ ಹಿಡಿದೆವೋ ನನಗೆ ನಿಜವಾಗಿ ಗೊತ್ತಿಲ್ಲ. ಕೊನೆಗೆ ಕಲ್ಲು ಸಿಡಿದಂಥ ಸದ್ದಿನೊಂದಿಗೆ ತಂತಿ ಹರಿದುಬಿತ್ತು. ಒಮ್ಮೆಲೇ ಫ್ಯಾನು, ಗಿರಣಿ, ಪಂಪು ಎಲ್ಲ ನಿಂತು ಊರು ಮೂಕವಾಯಿತು. ಕಂಬಕ್ಕೆ ಮಾತ್ರ ತನ್ನದೇ ಬೇರೆ ಸಣ್ಣ ಎಳೆಯಿದೆ. ಆ ಮೌನದಲ್ಲಿ ಹತ್ತನೆಯ ದೀಪ ಹೊತ್ತಿತು. ಈ ಸಲ ಮಿಣುಕಲಿಲ್ಲ.

ನಾನು ಒಳಗೆ ಹೋಗಿ ದನಿತಂತಿಯ ಮುಂದೆ ಕೂತೆ. ಕೂತು ಸಾಕಷ್ಟು ಹೊತ್ತಾದ ಮೇಲೆ ಅದು ಗಣಗಣಿಸಿತು.

“ಅಕ್ಕ.” ಮಶಾಕ್ ಏದುಸಿರು ಬಿಡುತ್ತಿದ್ದ. “ಹಲಗೆ ಎಳದೀನಿ. ಕೈಯಾಗ ಅದ. ಆದ್ರ ನಾ ಒಳಗ ಬರೂದಕ್ಕ ಅಳಸೂದು ಶುರು ಆಗಿತ್ತು. ಎಷ್ಟು ಹೋಗ್ಯಾದೋ ಗೊತ್ತಿಲ್ಲ.”

“ಸಿದ್ದು?”

“ಅದಾನ. ಗಣಿ ಬಾಯಾಗ ಕೂತಾನ. ನೀರು ಕುಡದಾನ.”

ಆಮೇಲೆ ಗೊತ್ತಾಯಿತು. ಹರಿಗೋಲನ್ನು ನೆರೆ ಬಹಳ ದೂರ ಕೆಳಕ್ಕೆ ಒಯ್ದಿತ್ತು. ದಡ ಹತ್ತಿ ಗಣಿಯ ಕಡೆ ಓಡುವಾಗ ಸಿದ್ರಾಮನಿಗೆ ಮೂರ್ಛೆ ಬಂತು. ಮಶಾಕ್ ಅವನ ತಲೆಯ ಕೆಳಗಿನ ಕಲ್ಲು ಸರಿಸಿ, ಮಗ್ಗುಲಾಗಿಸಿ, ತನ್ನ ಅಂಗಿ ಬಿಚ್ಚಿ ಬಿಸಿಲಿಗೆ ಅಡ್ಡ ಹಿಡಿದು ಕೂತ. ಗಣಿ ಎದುರಿಗೇ ಕಾಣುತ್ತಿತ್ತು. ಎದ್ದು ಓಡಬೇಕೆಂದು ಕಾಲು ಎಳೆಯುತ್ತಿತ್ತಂತೆ. ಉಸಿರು ತಿಳಿಯಾಗುವ ತನಕ ಕಾದ. ಅದರ ಬಗ್ಗೆ ಊರಿನಲ್ಲಿ ಕೆಲವರು ಮಾತಾಡಿದರು, ಮುಂದೆಯೂ ಆಡಬಹುದು. ನಾನು ಆಡುವುದಿಲ್ಲ. ಅವನು ಉಳಿಸಿದ್ದು ನನ್ನ ತಮ್ಮನನ್ನು.

ಸಂಜೆಗೆ ಹಲಗೆ ಬಂತು. ಊರಿನ ಚಿಕ್ಕ ಶೇಖರಣೆಯಲ್ಲಿ ಉಳಿದಿದ್ದ ಬೆಳಕಿನಿಂದ ಅದನ್ನು ತೆರೆದು ನೋಡಿದೆವು. ಹೆಸರುಗಳು ಅಕ್ಷರದ ಸಾಲಿನಲ್ಲಿರುತ್ತವೆ. ಅಳಿಸುವ ಯಂತ್ರ ಮೊದಲಿನಿಂದ ಶುರುಮಾಡಿತ್ತು. ‘ಇ’ಯಿಂದ ಮುಂದೆ ಎಲ್ಲ ಹೆಸರೂ, ಎಲ್ಲ ಮದ್ದೂ ಇದ್ದ ಹಾಗೇ ಇದ್ದವು. ಮಹಾನಂದಾ ಇದ್ದಳು, ಸಿದ್ರಾಮ ಇದ್ದ. ಅವನ ಶೀಸೆಯನ್ನು ಅವತ್ತೇ ತುಂಬಿಕೊಟ್ಟೆ. ‘ಅ’, ‘ಆ’ ಹೆಸರಿನವರು ಮಾತ್ರ ಇರಲಿಲ್ಲ. ಹನ್ನೊಂದು ಮಂದಿ. ಅವರಲ್ಲಿ ಅಂಬಾರಾಯ ಕಾಕಾ ಒಬ್ಬ.

ಅವರ ಬೆರಕೆಗಳನ್ನು ಮೊದಲಿನಿಂದ ಕಟ್ಟಬೇಕಾಯಿತು. ದಿನಾ ರಕ್ತ ತೆಗೆದು, ಕೂದಲೆಳೆಯಷ್ಟು ಏರಿಸಿ ಇಳಿಸಿ, ಮೈ ಏನೆನ್ನುತ್ತದೆಂದು ಕಾಯುವ ಕೆಲಸ. ಅಂಬಾರಾಯ ಕಾಕಾನ ಮನೆಗೆ ನಾನೇ ಹೋಗುತ್ತಿದ್ದೆ. ಗಿರಣಿಯ ಕಲ್ಲುಗಳು ತೇದುಹೋಗಿದ್ದವು. ಅವನು ಬಾಗಿಲಲ್ಲಿ ಕೂತು ಅವಕ್ಕೆ ಉಳಿಯಿಂದ ಹಲ್ಲು ಕಟೆಯುತ್ತಿದ್ದ.

“ನಮ್ಮವ್ವ ನನಗ ಶಿವಲಿಂಗ ಅಂತ ಹೆಸರಿಡ್ತೀನಿ ಅಂದಿದ್ಳಂತ,” ಎಂದ ಒಂದು ದಿನ, ತೋಳು ಚಾಚುತ್ತ. “ನಮ್ಮಪ್ಪ ಕೇಳಲಿಲ್ಲ, ಅಜ್ಜನ ಹೆಸರೇ ಇಡಬೇಕಂದ. ನೋಡು, ಎಲ್ಲಿಗಿ ಬಂದು ನಿಂತದ.”

ನಗು ಬಂತು, ಇಬ್ಬರಿಗೂ. ನಗುತ್ತಲೇ ಸೂಜಿ ಚುಚ್ಚಿ ರಕ್ತ ತೆಗೆದೆ.

ಉಳಿದ ಹತ್ತು ಮಂದಿಯ ಬೆರಕೆ ಒಂದೊಂದಾಗಿ ಸಿಕ್ಕವು. ಅವನದು ಹತ್ತಿರ ಹತ್ತಿರ ಬಂದು ತಪ್ಪುತ್ತಿತ್ತು. ಶ್ರಾವಣದಲ್ಲಿ, ಗಿರಣಿಯ ಬಾಗಿಲಲ್ಲೇ, ಉಳಿ ಕೈಯಲ್ಲಿರುವಾಗಲೇ ಹೋದ. ಕಾಶಿಬಾಯಿ ಮಣ್ಣಿಗೆ ಬಂದಿದ್ದಳು. ಮಶಾಕನ ತಲೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು ಹೋದಳು.

ಈಗ ನಮ್ಮಲ್ಲಿ ಪದ್ಧತಿ ಬದಲಾಗಿದೆ. ಮರುಪ್ರತಿ ಯಾವಾಗ ಶುರುವಾಗುತ್ತದೆ, ಯಾವುದನ್ನು ಅಳಿಸುತ್ತದೆ ಎಂಬುದನ್ನು ಮೊದಲೇ ಮೈಕಿನಲ್ಲಿ ಸಾರುತ್ತೇವೆ. ಹೊಸದು ಪೂರ್ತಿ ಬರೆದು, ಓದಿ ನೋಡಿದ ಮೇಲೆಯೇ ಹಳೆಯದಕ್ಕೆ ಕೈ ಹಾಕುವುದು. ನಾಲ್ಕನೆಯ ಹಲಗೆಯೊಂದನ್ನು ಯಾವ ಯಂತ್ರಕ್ಕೂ ಜೋಡಿಸದೆ ಬೇರೆಡೆ ಇಟ್ಟಿದ್ದೇವೆ. ಕ್ರಮ ಬದಲಿಸಿದವರು ಒಬ್ಬರ ಕಿವಿಯಲ್ಲಿ ಹೇಳಿ ಹೋಗುವಂತಿಲ್ಲ, ಊರ ಮುಂದೆ ಹೇಳಬೇಕು. ಮದ್ದು ಹಂಚುವ ಹಿಂದಿನ ದಿನ ಪ್ರತಿಯಿಂದ ಒಬ್ಬರ ಹೆಸರು ತೆಗೆದು, ಅವರನ್ನು ಕರೆಸಿ, ಅವರೆದುರೇ ಓದಿ, ಸರಿಯಿದೆಯೇ ಎಂದು ನೋಡುತ್ತೇವೆ.

ನಿಮ್ಮಲ್ಲಿ ಒಂದು ಬೇಡಿಕೆಯಿದೆ. ನಿಮ್ಮ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ನೀರು ಬಿಡುವ ಕಡೆ, ಎಲ್ಲೋ ಒಂದು ಯಂತ್ರ ನಿಮ್ಮ ಸಂಗತಿಗಳ ಪ್ರತಿ ತೆಗೆಯುತ್ತಿರಬಹುದು. ನೀವು ನಿಶ್ಚಿಂತರಾಗಿರಬಹುದು. ದಯವಿಟ್ಟು ಯಾರನ್ನಾದರೂ ಕೇಳಿರಿ: ಅದು ಯಾವಾಗ ಎದ್ದೇಳುತ್ತದೆ? ಎದ್ದಾಗ ಮೊದಲು ಏನನ್ನು ಅಳಿಸುತ್ತದೆ? ಕೆಟ್ಟದ್ದನ್ನೂ ಒಳ್ಳೆಯದೆಂದು ಬರೆದುಕೊಂಡರೆ ಎಷ್ಟು ದಿನದ ಹಿಂದಿನದು ಉಳಿದಿರುತ್ತದೆ? ಕೊನೆಯ ಸಲ ಅದನ್ನು ತೆರೆದು, ಓದಿ ನೋಡಿದವರು ಯಾರು? ಉತ್ತರ ಒಬ್ಬರಿಗೇ ಗೊತ್ತಿದ್ದರೆ ಇನ್ನಿಬ್ಬರಿಗೆ ಕಲಿಸಿರಿ. ಯಾರಿಗೂ ಗೊತ್ತಿಲ್ಲದಿದ್ದರೆ ನಾಳೆಗೆ ಇಡಬೇಡಿರಿ.

ಇನ್ನು ಏಳುತ್ತೇನೆ. ಮದ್ದುಮನೆಯ ಮುಂದೆ ಜನ ಸೇರುತ್ತಿದ್ದಾರೆ. ನಿಮಗೆ ಒಳ್ಳೆಯದಾಗಲಿ, ನಿಮಗೆ ಒಳ್ಳೆಯದಾದರೇ ಅಲ್ಲವೇ ನಾವು ಇರುವುದು.

ನಿಮ್ಮ ಮುಂದಿನವರ ಪೈಕಿ ಒಬ್ಬಳು,
ನೀಲಗಂಗಾ